ಕಣರಾಶಿಗಳಲ್ಲಿ ಆಘಾತಶಕ್ತಿಯ ಹೀರಿಕೆ: ಅಧ್ಯಯನದ ಇತಿಹಾಸ

ಮರಳು, ಜಲ್ಲಿ, ಒಣಮಣ್ಣು, ಚಂದ್ರನ ಮೇಲ್ಮೈಯ ದೂಳು ಮೊದಲಾದ, ಬಿಡಿ ಕಣಗಳಿಂದಾದ ವಸ್ತುಗಳನ್ನು ಒಟ್ಟಾಗಿ ಕಣರಾಶಿ ಎಂದು ಕರೆಯಲಾಗುತ್ತದೆ. ವೇಗವಾಗಿ ಬಂದ ಗುಂಡೊಂದು ಇಂಥ ರಾಶಿಗೆ ಬಡಿದಾಗ ಗಟ್ಟಿಬಂಡೆಯ ಮೇಲೆ ಬಿದ್ದಂತೆ ಪುಟಿಯುವುದಿಲ್ಲ, ನೀರಿಗೆ ಬಿದ್ದಂತೆ ತಳಮುಟ್ಟುವುದೂ ಇಲ್ಲ. ಒಂದಿಷ್ಟು ಆಳಕ್ಕೆ ಇಳಿದು ಅಲ್ಲೇ ನಿಂತುಬಿಡುತ್ತದೆ. ಅದರ ಚಲನಶಕ್ತಿ ಕಣಗಳ ಪರಸ್ಪರ ಘರ್ಷಣೆಯಲ್ಲಿ, ಕಣಗಳು ಒಡೆದು ಪುಡಿಯಾಗುವುದರಲ್ಲಿ, ಅವುಗಳ ನಡುವಣ ತೆರಪುಗಳು ಕುಸಿಯುವುದರಲ್ಲಿ, ಹೊರಕ್ಕೆ ಚಿಮ್ಮುವ ಕಣಗಳ ಓಟದಲ್ಲಿ ಮತ್ತು ರಾಶಿಯೊಳಗೆ ಹರಡುವ ತರಂಗಗಳಲ್ಲಿ ಹಂಚಿಹೋಗಿ ಕೊನೆಗೆ ಬಹುಪಾಲು ಶಾಖವಾಗುತ್ತದೆ. ಯಾವ ವೇಗದಲ್ಲಿ ಇವುಗಳಲ್ಲಿ ಯಾವುದರ ಪಾಲು ದೊಡ್ಡದು ಎಂಬುದೇ ಈ ಅಧ್ಯಯನದ ಮುಖ್ಯ ಪ್ರಶ್ನೆ.

ಈ ವಿಷಯದ ಇತಿಹಾಸವನ್ನು ಸಾಮಾನ್ಯವಾಗಿ 18ನೆಯ ಶತಮಾನದ ಫಿರಂಗಿಶಾಸ್ತ್ರದಿಂದ ಇಂದಿನ ಭೌತವಿಜ್ಞಾನದವರೆಗೆ ಒಂದೇ ನೇರ ಗೆರೆಯಾಗಿ ಹೇಳುವ ರೂಢಿಯಿದೆ. ಆದರೆ ಆಕರಗಳನ್ನು ಒಟ್ಟಿಗಿಟ್ಟು ನೋಡಿದರೆ ಅಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿರುವುದು ಕಾಣುತ್ತದೆ. ಗುಂಡು ಎಷ್ಟು ಆಳ ಇಳಿಯುತ್ತದೆ, ಅದಕ್ಕೆ ಎದುರಾಗುವ ಬಲ ಎಷ್ಟು ಎಂಬುದು ಮೊದಲನೆಯದು; ಗುಂಡು ಕಳೆದುಕೊಂಡ ಶಕ್ತಿ ಎಲ್ಲಿಗೆ, ಯಾವ ದಾರಿಯಲ್ಲಿ ಹೋಯಿತು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸುಮಾರು ಮೂರು ಶತಮಾನಗಳ ಉತ್ತರಗಳಿವೆ. ಎರಡನೆಯದಕ್ಕೆ ಪ್ರಯೋಗದ ಆಧಾರವುಳ್ಳ ಉತ್ತರ ಸಿಗತೊಡಗಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ.

ಆರಂಭದ ಪ್ರಯೋಗಗಳು

ಚಲಿಸುವ ವಸ್ತುವಿನ ಬಲವನ್ನು ವೇಗದಿಂದ ಅಳೆಯಬೇಕೋ ವೇಗದ ವರ್ಗದಿಂದ ಅಳೆಯಬೇಕೋ ಎಂಬ ವಾದ ಯೂರೋಪಿನಲ್ಲಿ ಜೋರಾಗಿದ್ದ ಕಾಲದಲ್ಲಿ ಇಟಲಿಯ ಜೊವಾನ್ನಿ ಪೊಲೇನಿ 1718ರಲ್ಲಿ ಕೊಬ್ಬಿನ ಗಟ್ಟಿಯ ಮೇಲೂ, ಲೈಡನ್ನಿನ ವಿಲ್ಲೆಮ್ ಸ್ಗ್ರಾವೆಸಾಂಡೆ 1722ರಲ್ಲಿ ಮೆತ್ತನೆಯ ಜೇಡಿಮಣ್ಣಿನ ಮೇಲೂ ಗುಂಡುಗಳನ್ನು ಬೀಳಿಸಿ, ತೂಕ ಮತ್ತು ಬೀಳುವ ಎತ್ತರಗಳ ಗುಣಲಬ್ಧ ಒಂದೇ ಆಗಿದ್ದರೆ ಮೂಡುವ ಗುಳಿಯೂ ಸಮನಾಗಿರುತ್ತದೆ ಎಂದು ತೋರಿಸಿದರು. ವೇಗದ ವರ್ಗದ ಪರವಾಗಿ ಇದು ಬಲವಾದ ಸಾಕ್ಷ್ಯವಾಯಿತು. ಹಸಿ ಜೇಡಿಯನ್ನು ಕಟ್ಟುನಿಟ್ಟಾಗಿ ಕಣರಾಶಿ ಎನ್ನಲಾಗದಿದ್ದರೂ ಈ ಪ್ರಯೋಗಗಳನ್ನು ಇಲ್ಲಿ ಹೆಸರಿಸಲು ಕಾರಣವಿದೆ: ಎತ್ತರ ಇಮ್ಮಡಿಯಾದರೆ ಗುಳಿಯೂ ಇಮ್ಮಡಿಯಾಗುತ್ತದೆ ಎಂಬ ಈ ಸರಳ ಸಂಬಂಧ ಒಣಮರಳಿಗೆ ಹೊಂದುವುದಿಲ್ಲ ಎಂಬುದು ಪ್ರಯೋಗಾಲಯದಲ್ಲಿ ಸ್ಪಷ್ಟವಾಗಿ ದಾಖಲಾದದ್ದು 2003ರಲ್ಲಿ.

ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಫಿರಂಗಿಶಾಸ್ತ್ರದ ಗ್ರಂಥ, ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು ಅದರ ಓಲಾಟದಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ವಿಧಾನವನ್ನು ಕೊಟ್ಟಿತು. ಗುಂಡು ತೂರುವ ವಸ್ತುವಿನ ಪ್ರತಿರೋಧ ವೇಗ ಎಷ್ಟಿದ್ದರೂ ಬದಲಾಗದು ಎಂಬ ಅವನ ಊಹೆಯಿಂದಲೂ, ಹೊರಗೆ ಬರುವುದು ಆಳವು ವೇಗದ ವರ್ಗದ ಅನುಪಾತದಲ್ಲಿರುತ್ತದೆ ಎಂಬ ಅದೇ ನಿಯಮ. 1745ರಲ್ಲಿ ಲಿಯೊನ್‌ಹಾರ್ಡ್ ಆಯ್ಲರ್ ಈ ಗ್ರಂಥವನ್ನು ವಿಸ್ತಾರವಾದ ವ್ಯಾಖ್ಯಾನದೊಡನೆ ಜರ್ಮನ್ ಭಾಷೆಗೆ ತಂದ ಕಾರಣ ಸೂತ್ರಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿದೆ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಎಂಜಿನಿಯರ್ ಆಗಿ ಭಾರತಕ್ಕೆ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಮಣ್ಣಿನ ಕೋಟೆ ಗುಂಡನ್ನು ನುಂಗುತ್ತದೆ ಎಂಬ ಅನುಭವ ಸೂತ್ರಗಳಿಗಿಂತ ಬಹಳ ಹಳೆಯದು. ಭಾರತದಲ್ಲಿ ಇದಕ್ಕೆ ತಪ್ಪದೆ ಕೊಡುವ ಉದಾಹರಣೆ, 1805ರಲ್ಲಿ ಜನರಲ್ ಲೇಕ್‌ನ ನಾಲ್ಕು ದಾಳಿಗಳನ್ನು ತಡೆದ ಭರತಪುರದ ಕೋಟೆ. ಆದರೆ ಅಗಲವಾದ ಕಂದಕ, ಮುತ್ತಿಗೆಗೆ ಬೇಕಾದ ಭಾರಿ ಫಿರಂಗಿಗಳ ಕೊರತೆ ಇವುಗಳ ಪಾತ್ರವನ್ನು ಬದಿಗಿಟ್ಟು ಇಡೀ ಯಶಸ್ಸನ್ನು ಮಣ್ಣಿನ ಗೋಡೆಗೇ ಸಲ್ಲಿಸುವುದು ಸರಿಯಲ್ಲ. 1826ರಲ್ಲಿ ಅದೇ ಕೋಟೆ ಬಿದ್ದದ್ದು ಗೋಡೆಯಡಿ ಸುರಂಗ ಕೊರೆದು ಮದ್ದುಗುಂಡು ಸಿಡಿಸಿದಾಗ.

ಮೆಟ್ಸ್ ಸೂತ್ರ

ಇಂದಿಗೂ ಬಳಕೆಯಲ್ಲಿರುವ ಮೊದಲ ಬಲಸೂತ್ರ ಫ್ರಾನ್ಸಿನ ಮೆಟ್ಸ್ ನಗರದ ಸೇನಾ ಎಂಜಿನಿಯರ್ ಜ್ಯಾಂ ವಿಕ್ಟರ್ ಪೊನ್ಸೆಲೆಯ ಹೆಸರಿನಲ್ಲಿದೆ. ಪ್ರತಿರೋಧ ಎರಡು ಭಾಗಗಳಿಂದಾಗಿದೆ ಎಂಬುದು ಅದರ ಸಾರ: ವೇಗವನ್ನು ಅವಲಂಬಿಸದ, ವಸ್ತುವಿನ ಬಿಗುವಿನಿಂದ ಬರುವ ಭಾಗ ಒಂದು, ಎದುರಿನ ಕಣಗಳನ್ನು ತಳ್ಳಿ ಓಡಿಸಬೇಕಾದ್ದರಿಂದ ಬರುವ, ವೇಗದ ವರ್ಗದಂತೆ ಏರುವ ಭಾಗ ಇನ್ನೊಂದು. ಎರಡನ್ನೂ ಸೇರಿಸಿ ಲೆಕ್ಕ ಮಾಡಿದರೆ ಆಳವು ವೇಗದೊಂದಿಗೆ ಲಘುಗಣಕದಂತೆ, ಎಂದರೆ ಏರುತ್ತ ಏರುತ್ತ ಮಂದವಾಗುವ ರೀತಿಯಲ್ಲಿ ಹೆಚ್ಚುತ್ತದೆ. ಈ ಸೂತ್ರದ ಕಾಲವನ್ನು ಬಹುತೇಕ ಬರಹಗಳು 1829 ಎಂದು ಕೊಡುತ್ತವೆ. ಅದು ಪೊನ್ಸೆಲೆಯ ಕೈಗಾರಿಕಾ ಯಂತ್ರಶಾಸ್ತ್ರದ ಉಪನ್ಯಾಸಗಳಿಗೆ ಸಂಬಂಧಿಸಿದ ವರ್ಷ. ಮಣ್ಣು, ಮರ, ಕಲ್ಲುಕಟ್ಟಡಗಳಿಗೆ ಫಿರಂಗಿ ಹೊಡೆದು ಆಳ ಅಳೆದ ವ್ಯವಸ್ಥಿತ ಪ್ರಯೋಗಗಳು ಮೆಟ್ಸ್‌ನಲ್ಲಿ ನಡೆದದ್ದು 1834–35ರಲ್ಲಿ. ಅವನ್ನು ನಡೆಸಿ ವರದಿ ಮಾಡಿದವರು ಪಿಯೊಬೆರ್, ಮೊರ್‍ಯಾಂ ಮತ್ತು ದಿದಿಯೊಂ. ಆದ್ದರಿಂದ ಅಂಕಿಅಂಶಗಳ ಬೆಂಬಲವುಳ್ಳ ಸೂತ್ರವನ್ನು ಒಬ್ಬನ ಕೃತಿ ಎನ್ನುವುದಕ್ಕಿಂತ ಮೆಟ್ಸ್ ಗುಂಪಿನ ಕೃತಿ ಎನ್ನುವುದು ಹೆಚ್ಚು ಸರಿ.

ಮುಂದಿನ ನೂರು ವರ್ಷಗಳಲ್ಲಿ ಈ ಸೂತ್ರದ ಗುಣಾಂಕಗಳನ್ನು ತಿದ್ದುವ ಕೆಲಸ ನಡೆಯಿತೇ ಹೊರತು ಹೊಸ ವಿಚಾರ ಹೆಚ್ಚು ಬರಲಿಲ್ಲ. ಆ ಕಾಲದ ಗಮನಾರ್ಹ ಸಂಗತಿಯೆಂದರೆ, ಬಂದೂಕಿನ ಗುಂಡನ್ನು ತೀರ ಹತ್ತಿರದಿಂದ ಹೊಡೆದಾಗ ಅದು ಮರಳಿನಲ್ಲಿ ದೂರದಿಂದ ಬಂದ ಗುಂಡಿಗಿಂತ ಕಡಿಮೆ ಆಳ ಇಳಿಯುತ್ತದೆ ಎಂದು ಸೈನಿಕ ಕೈಪಿಡಿಗಳು ದಾಖಲಿಸಿದ್ದು. ವೇಗ ಹೆಚ್ಚಿದ್ದಾಗ ಗುಂಡು ಮರಳೊಳಗೆ ಅಡ್ಡ ತಿರುಗಿಯೋ ತಾನೇ ನಜ್ಜುಗುಜ್ಜಾಗಿಯೋ ತನ್ನ ಎದುರಿನ ಮೈಯನ್ನು ಅಗಲ ಮಾಡಿಕೊಳ್ಳುವುದು ಇದಕ್ಕೆ ಕಾರಣ. ಮರಳು ಚೀಲಗಳ ಯಶಸ್ಸನ್ನು ಮರಳಿನ ಗುಣವೊಂದಕ್ಕೇ ಸಲ್ಲಿಸುವವರು ಗುಂಡಿನ ಈ ಪಾಲನ್ನು ಮರೆಯುತ್ತಾರೆ.

1957ರಲ್ಲಿ ಅಮೆರಿಕದ ಅಲೆನ್, ಮೇಫೀಲ್ಡ್ ಮತ್ತು ಮಾರಿಸನ್ ಮರಳಿಗೆ ಹೊಡೆದ ಗುಂಡುಗಳನ್ನು ಹಿಂಬಾಲಿಸಿ, ಸೆಕೆಂಡಿಗೆ ಸುಮಾರು 100 ಮೀಟರಿನ ಆಸುಪಾಸಿನಲ್ಲಿ ಪ್ರತಿರೋಧದ ಸ್ವಭಾವವೇ ಬದಲಾಗುತ್ತದೆ ಎಂದು ಕಂಡುಕೊಂಡರು. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಗುಂಡಿನ ಮೂತಿಯೆದುರು ಮರಳಿನ ಕಣಗಳು ಜರುಗಿ ದಾರಿಬಿಡುವಷ್ಟು ಹೊತ್ತು ಇರುವುದಿಲ್ಲ; ಅವು ಅಲ್ಲೇ ನುಚ್ಚಾಗುತ್ತವೆ. ಇದೇ ಹೊತ್ತಿನ ಶೀತಲ ಸಮರದ ಅಗತ್ಯಗಳಿಂದ ಸಾಂಡಿಯಾ ಪ್ರಯೋಗಾಲಯದಲ್ಲಿ ನೆಲಕ್ಕೆ ತೂರುವ ಆಯುಧಗಳ ಅಧ್ಯಯನ ಬೆಳೆಯಿತು. ಅಲ್ಲಿನ ಸಿ. ಡಬ್ಲ್ಯು. ಯಂಗ್ 1960ರ ದಶಕದ ಕೊನೆಗೆ ಕೊಟ್ಟ ಸೂತ್ರ ಪ್ರತಿಯೊಂದು ಬಗೆಯ ನೆಲಕ್ಕೂ ಒಂದು ಅಂಕವನ್ನು ನಿಗದಿಮಾಡುತ್ತದೆ. ಎಂಜಿನಿಯರುಗಳಿಗೆ ಅದು ಉಪಯುಕ್ತವಾದರೂ, ನೆಲದೊಳಗೆ ಏನಾಗುತ್ತದೆ ಎಂಬುದನ್ನು ಆ ಒಂದು ಅಂಕದೊಳಗೆ ಮುಚ್ಚಿಡುತ್ತದೆ.

ಕುಳಿಗಳ ಅಧ್ಯಯನದಿಂದ ಬಂದ ತಿರುವು

ಶಕ್ತಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಫಿರಂಗಿಯವರಲ್ಲ, ಉಲ್ಕಾಕುಳಿಗಳನ್ನು ಅಭ್ಯಾಸ ಮಾಡಿದವರು. ಗ್ರೋವ್ ಕಾರ್ಲ್ ಗಿಲ್ಬರ್ಟ್ 1893ರಲ್ಲಿ ಚಂದ್ರನ ಕುಳಿಗಳು ಅಪ್ಪಳಿಕೆಯಿಂದಲೇ ಆದವು ಎಂದು ವಾದಿಸಿದರೂ, ಓರೆಯಾಗಿ ಬಡಿದ ವಸ್ತು ಅಂಡಾಕಾರದ ಕುಳಿ ಮಾಡಬೇಕಲ್ಲವೇ ಎಂಬ ತೊಡಕು ಅವನನ್ನು ಕಾಡಿತು. ಆಲ್ಫ್ರೆಡ್ ವೆಗೆನರ್ ಸಿಮೆಂಟ್ ಪುಡಿಯ ಹಾಸಿನ ಮೇಲೆ ಚಮಚದಿಂದ ಸಿಮೆಂಟ್ ಪುಡಿಯನ್ನೇ ಬೀಳಿಸಿ ಚಂದ್ರನದನ್ನು ಹೋಲುವ ಕುಳಿಗಳನ್ನು ಪಡೆದು 1921ರಲ್ಲಿ ಪ್ರಕಟಿಸಿದ. ಭೂಖಂಡಗಳ ಅಲೆತದ ಸಿದ್ಧಾಂತದ ನೆರಳಿನಲ್ಲಿ ಮರೆಯಾದ ಈ ಪುಟ್ಟ ಗ್ರಂಥ, ಸಡಿಲ ಪುಡಿಯಲ್ಲಿ ಕೈಯಳತೆಯ ವೇಗವೇ ಕುಳಿಯ ಆಕಾರವನ್ನು ತೋರಿಸಬಲ್ಲದು ಎಂಬುದನ್ನು ಮೊದಲೇ ಸೂಚಿಸಿತ್ತು. ಓರೆ ಅಪ್ಪಳಿಕೆಯ ತೊಡಕಿಗೆ ಪರಿಹಾರ ಬಂದದ್ದು ಬೇರೆ ಕಡೆಯಿಂದ: ಸೆಕೆಂಡಿಗೆ ಹಲವು ಕಿಲೊಮೀಟರ್ ವೇಗದ ವಸ್ತು ಬಡಿದ ಕ್ಷಣದಲ್ಲೇ ಸ್ಫೋಟದಂತೆ ಶಕ್ತಿ ಬಿಡುವುದರಿಂದ ದಿಕ್ಕಿನ ಗುರುತು ಉಳಿಯುವುದಿಲ್ಲ ಎಂದು 1924ರಲ್ಲಿ ನ್ಯೂಜಿಲೆಂಡಿನ ಗಿಫರ್ಡ್ ವಿವರಿಸಿದ.

ಅಪೊಲೊ ಯೋಜನೆಯ ಸಿದ್ಧತೆಯಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಡೊನಾಲ್ಡ್ ಗಾಲ್ಟ್ ಕಟ್ಟಿಸಿದ ಬಂದೂಕು, ಹಗುರ ಅನಿಲವನ್ನು ಒತ್ತಿ ಹಿಡಿದು ಗುಂಡನ್ನು ಸೆಕೆಂಡಿಗೆ 6–7 ಕಿಮೀ ವೇಗಕ್ಕೆ ಏರಿಸುತ್ತಿತ್ತು. ಅದರ ನಳಿಗೆಯನ್ನು ಬೇಕಾದ ಕೋನಕ್ಕೆ ವಾಲಿಸಬಹುದಾಗಿದ್ದರಿಂದ, ಸಮತಟ್ಟಾಗಿ ಹಾಸಿದ ಮರಳು ಚೆಲ್ಲಿಹೋಗದೆ ಓರೆ ಅಪ್ಪಳಿಕೆಗಳನ್ನೂ ನೋಡಬಹುದಿತ್ತು. ಗಾಲ್ಟ್ ಮತ್ತು ಹೈಟೊವಿಟ್ 1963ರಲ್ಲಿ ಬಂಡೆಯಲ್ಲಿ ಶಕ್ತಿ ಹೇಗೆ ಹಂಚಿಹೋಗುತ್ತದೆ ಎಂದು ಲೆಕ್ಕ ಕಟ್ಟಿದರು. ಡೇವಿಡ್ ಬ್ರಾಸ್ಲೌ 1970ರಲ್ಲಿ ಅದೇ ಲೆಕ್ಕವನ್ನು ಸಡಿಲ ಮರಳಿಗೆ ಅನ್ವಯಿಸಿ ಶಾಖ, ಕಣಗಳ ಪುಡಿಯಾಗುವಿಕೆ, ಚಿಮ್ಮಿದ ಮರಳು ಇವುಗಳ ಪಾಲನ್ನು ಬೇರ್ಪಡಿಸಲು ಯತ್ನಿಸಿದ. ಕಣರಾಶಿಯ ಶಕ್ತಿಹಂಚಿಕೆಯ ಬಗ್ಗೆ ನೇರವಾಗಿ ಬರೆದ ಈ ಲೇಖನಕ್ಕೆ ಇತಿಹಾಸದಲ್ಲಿ ಈಗ ಸಿಗುತ್ತಿರುವುದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು.

ಇದೇ ಅವಧಿಯ ಒಂದು ವೀಕ್ಷಣೆ ಮೇಲ್ನೋಟಕ್ಕೆ ಈ ಎಲ್ಲದಕ್ಕೂ ವಿರುದ್ಧವಾಗಿ ಕಾಣುತ್ತದೆ. 1969ರ ನವೆಂಬರ್ 20ರಂದು ಅಪೊಲೊ 12ರ ಚಂದ್ರನೌಕೆಯ ಮೇಲ್ಭಾಗವನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದಾಗ ಅಲ್ಲಿನ ಕಂಪನಮಾಪಕ ಸುಮಾರು ಒಂದು ಗಂಟೆಯ ಕಾಲ ಅದುರಾಟವನ್ನು ದಾಖಲಿಸಿತು. ದೂಳು ಮುಚ್ಚಿದ ನೆಲ ಶಕ್ತಿಯನ್ನು ಹೀರಬೇಕಿತ್ತಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಎರಡು ಹಂತಗಳಲ್ಲಿದೆ. ಅಪ್ಪಳಿಸಿದ ಜಾಗದಲ್ಲಿ ಶಕ್ತಿಯ ಬಹುಪಾಲು ನಿಜಕ್ಕೂ ಮುಗಿದುಹೋಗುತ್ತದೆ, ಕಂಪನವಾಗಿ ಹೊರಡುವುದು ತೀರ ಚಿಕ್ಕ ಅಂಶ. ಆದರೆ ಹಾಗೆ ಹೊರಟ ದುರ್ಬಲ ಕಂಪನಕ್ಕೆ ನೀರಿನ ಪಸೆಯಿಲ್ಲದ ಬಿರುಕುಬಂಡೆಗಳಲ್ಲಿ ನಷ್ಟ ಕಡಿಮೆ, ಚದುರಾಟ ಹೆಚ್ಚು. ಹಾಗಾಗಿ ಅದು ಅಡ್ಡಾದಿಡ್ಡಿ ತಿರುಗುತ್ತ ಬಹಳ ಹೊತ್ತು ಉಳಿಯುತ್ತದೆ.

ಪ್ರಯೋಗಾಲಯದ ಅಂಗೈಯಗಲದ ಕುಳಿಯಿಂದ ಕಿಲೊಮೀಟರುಗಟ್ಟಲೆ ಕುಳಿಯನ್ನು ಊಹಿಸುವುದು ಹೇಗೆ ಎಂಬ ಸಮಸ್ಯೆಯನ್ನು ಬೋಯಿಂಗ್ ಸಂಸ್ಥೆಯ ರಾಬರ್ಟ್ ಸ್ಮಿತ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೀತ್ ಹಾಲ್ಸ್‌ಆಪಲ್ 1970 ಮತ್ತು 80ರ ದಶಕಗಳಲ್ಲಿ ಬಿಡಿಸಿದರು. ಮರಳಿನ ತೊಟ್ಟಿಯನ್ನು ರಭಸದಿಂದ ತಿರುಗಿಸಿ, ಭೂಗುರುತ್ವದ ನೂರಾರು ಪಟ್ಟು ಭಾರ ಬೀಳುವಂತೆ ಮಾಡಿ, ಅದರೊಳಗೇ ಗುಂಡು ಹಾರಿಸುವುದು ಅವರ ವಿಧಾನ. ಗುರುತ್ವ ಹೆಚ್ಚಿಸಿದರೆ ಚಿಕ್ಕ ಕುಳಿ ದೊಡ್ಡ ಕುಳಿಯಂತೆ ವರ್ತಿಸುತ್ತದೆ. ಅಪ್ಪಳಿಸಿದ ವಸ್ತುವಿನ ಗಾತ್ರ ಮತ್ತು ವೇಗ ಎರಡೂ ಸೇರಿ ಒಂದೇ ಅಳತೆಯಾಗಿ ಕುಳಿಯನ್ನು ನಿರ್ಧರಿಸುತ್ತವೆ, ಆ ಅಳತೆಯಲ್ಲಿ ವೇಗದ ಘಾತ ಕನಿಷ್ಠ 1/3, ಗರಿಷ್ಠ 2/3 ಎಂಬುದು 1987ರ ಹೊತ್ತಿಗೆ ಸ್ಥಿರಪಟ್ಟ ನಿಲುವು. ಘಾತ 2/3 ಆದರೆ ಕುಳಿಯ ಗಾತ್ರವನ್ನು ನಿರ್ಧರಿಸುವುದು ಚಲನಶಕ್ತಿ. 1/3 ಆದರೆ ಕೇವಲ ಸಂವೇಗ, ಎಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ನೀರು ಮತ್ತು ತೆರಪಿಲ್ಲದ ಬಂಡೆಗೆ ಈ ಘಾತ ಸುಮಾರು 0.55, ಒಣಮರಳಿಗೆ ಸುಮಾರು 0.41. ಮರಳು ಸಂವೇಗದ ಅಂಚಿಗೆ ಇಷ್ಟು ಹತ್ತಿರವಿರುವುದರ ಅರ್ಥ, ಬಂದ ಶಕ್ತಿಯ ದೊಡ್ಡ ಭಾಗ ಕುಳಿ ತೋಡುವ ಕೆಲಸಕ್ಕೆ ಒದಗುವ ಮುನ್ನವೇ ಒಳಗೆ ಕರಗಿಹೋಗುತ್ತದೆ ಎಂಬುದು. ಶಕ್ತಿ ಹೀರಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹಿಡಿದ ಈ ಫಲಿತಾಂಶವೇ ಈ ಇತಿಹಾಸದ ನಿಜವಾದ ತಿರುವು ಎನ್ನಬಹುದು.

ತೆರಪುಗಳ ಕುಸಿತದ ಪಾತ್ರಕ್ಕೆ ಗಣಿತರೂಪ ಕೊಟ್ಟದ್ದು ಸಾಂಡಿಯಾದ ವಾಲ್ಟರ್ ಹೆರ್ಮನ್, 1969ರಲ್ಲಿ. ಆಕಾಶಕಾಯದ ಮೇಲೆ ಅದರ ಗುರುತು ಕಂಡದ್ದು 1997ರ ಜೂನ್‌ನಲ್ಲಿ ನಿಯರ್ ನೌಕೆ ಮಟಿಲ್ಡೆ ಕ್ಷುದ್ರಗ್ರಹದ ಪಕ್ಕ ಹಾದುಹೋದಾಗ. ನೀರಿನ 1.3 ಪಟ್ಟು ಮಾತ್ರ ಸಾಂದ್ರತೆಯ, ಸುಮಾರು 53 ಕಿಮೀ ವ್ಯಾಸದ ಆ ಕಾಯದ ಮೇಲೆ 30 ಕಿಮೀ ಮೀರಿದ ಕುಳಿಯಿದ್ದರೂ ಕಾಯ ಸಿಡಿದಿರಲಿಲ್ಲ, ಅಕ್ಕಪಕ್ಕದ ಹಳೆಯ ಕುಳಿಗಳೂ ಮಣ್ಣು ಬಿದ್ದು ಮುಚ್ಚಿಹೋಗಿರಲಿಲ್ಲ. ಹೌಸೆನ್, ಹಾಲ್ಸ್‌ಆಪಲ್ ಮತ್ತು ವೋಸ್ 1999ರಲ್ಲಿ ತೆರಪು ತುಂಬಿದ ಮಿಶ್ರಣಗಳ ಮೇಲೆ ಪ್ರಯೋಗ ನಡೆಸಿ, ಇಂಥಲ್ಲಿ ಕುಳಿ ಆಗುವುದು ದ್ರವ್ಯ ಹೊರಚಿಮ್ಮಿ ಅಲ್ಲ, ಒಳಕ್ಕೆ ಅದುಮಿ ಎಂದು ತೋರಿಸಿದರು.

2003–2007ರ ವಿವಾದ

ಭೌತವಿಜ್ಞಾನಿಗಳು ಈ ಕ್ಷೇತ್ರಕ್ಕೆ ಬಂದದ್ದು ತಡವಾಗಿ, ಅದೂ ಸೆಕೆಂಡಿಗೆ ಕೆಲವೇ ಮೀಟರ್ ವೇಗದ ಸರಳ ಪ್ರಯೋಗಗಳೊಂದಿಗೆ. 2003ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಗುಂಪುಗಳ ಲೇಖನಗಳು ಬಂದವು: ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಡ್ಯೂರಿಯನ್ ಮತ್ತು ಸಂಗಡಿಗರದು ಒಂದು, ಕೆನಡಾದಲ್ಲಿ ಜಾನ್ ಡಿ ಬ್ರೂಯ್ನ್ ಮತ್ತು ಸಂಗಡಿಗರದು ಇನ್ನೊಂದು. ಕುಳಿಯ ವ್ಯಾಸ ಶಕ್ತಿಯ ನಾಲ್ಕನೆಯ ಮೂಲದಂತೆ ಹೆಚ್ಚುತ್ತದೆ ಎಂಬುದರಲ್ಲಿ ಇಬ್ಬರೂ ಒಂದಾಗಿದ್ದರು. ಆಳದ ವಿಷಯದಲ್ಲಿ ಒಮ್ಮತವಿರಲಿಲ್ಲ. ಚೆಂಡು ಬಿದ್ದ ಒಟ್ಟು ದೂರದ ಘನಮೂಲದಂತೆ ಆಳ ಹೆಚ್ಚುತ್ತದೆ ಎಂದು ಡ್ಯೂರಿಯನ್ ಗುಂಪು ಹೇಳಿತು. ಅಂದರೆ ಎತ್ತರವನ್ನು ಎಂಟು ಪಟ್ಟು ಮಾಡಿದರೆ ಆಳ ಬರೀ ಎರಡು ಪಟ್ಟಾಗುತ್ತದೆ. ಡಿ ಬ್ರೂಯ್ನ್ ಮತ್ತು ವಾಲ್ಶ್ 2004ರಲ್ಲಿ ಆಳವು ವೇಗದೊಂದಿಗೆ ನೇರವಾಗಿ ಏರುತ್ತದೆ ಎಂದರು. ನೇಪಲ್ಸ್‌ನ ಪೀಕಾ ಚಿಯಾಮಾರ್ರಾ ಮತ್ತು ಸಂಗಡಿಗರು ಅದೇ ವರ್ಷ, ಚೆಂಡು ನಿಲ್ಲಲು ಹಿಡಿಯುವ ಸಮಯ ಬೀಳುವ ವೇಗವನ್ನು ಅವಲಂಬಿಸುವುದೇ ಇಲ್ಲ ಎಂದು ವರದಿ ಮಾಡಿದರು. ಮೂರು ಫಲಿತಾಂಶಗಳಿಂದ ಮೂರು ಬೇರೆ ಬಲಸೂತ್ರಗಳು ಹೊರಡುತ್ತವೆ, ಮೂರಕ್ಕೂ ಅಳತೆಗಳ ಬೆಂಬಲವಿತ್ತು.

ಗೊಂದಲದ ಮೂಲ ಅಳತೆಯ ರೀತಿಯಲ್ಲೇ ಇತ್ತು. ಕೊನೆಗೆ ನಿಂತ ಆಳವೊಂದನ್ನೇ ಅಳೆದರೆ, ದಾರಿಯುದ್ದಕ್ಕೂ ಬಲ ಹೇಗೆ ಬದಲಾಯಿತು ಎಂಬುದು ಗೊತ್ತಾಗುವುದಿಲ್ಲ. ಕಿರಿದಾದ ವೇಗವ್ಯಾಪ್ತಿಯಲ್ಲಿ ಹಲವು ಗೆರೆಗಳು ಅದೇ ಚುಕ್ಕೆಗಳ ಮೇಲೆ ಹಾದುಹೋಗಬಲ್ಲವು. ಹಿರೊಆಕಿ ಕತ್ಸುರಗಿ ಮತ್ತು ಡ್ಯೂರಿಯನ್ 2007ರಲ್ಲಿ ಚೆಂಡಿನ ಸ್ಥಾನವನ್ನು ಕ್ಷಣಕ್ಷಣಕ್ಕೂ ಅತಿಸೂಕ್ಷ್ಮವಾಗಿ ದಾಖಲಿಸಿ, ಬಲಕ್ಕೆ ಎರಡು ಅಂಶಗಳಿವೆ ಎಂದು ತೋರಿಸಿದರು. ಒಂದು ಆಳಕ್ಕೆ ತಕ್ಕಂತೆ ಏರುವ ಘರ್ಷಣೆ, ಇನ್ನೊಂದು ವೇಗದ ವರ್ಗಕ್ಕೆ ತಕ್ಕಂತೆ ಏರುವ ಜಡತೆಯ ಅಂಶ. ಮೆಟ್ಸ್ ಸೂತ್ರದ ಸ್ಥಿರಾಂಶದ ಜಾಗದಲ್ಲಿ ಆಳವನ್ನು ಅವಲಂಬಿಸುವ ಅಂಶವನ್ನು ಇಟ್ಟದ್ದೇ ಇಲ್ಲಿನ ಬದಲಾವಣೆ. ಹಿಂದಿನ ಫಲಿತಾಂಶಗಳನ್ನು ಬೇರೆಬೇರೆ ವ್ಯಾಪ್ತಿಗಳಲ್ಲಿ ಇದೊಂದೇ ಸೂತ್ರ ವಿವರಿಸಿತು. ಚೆಂಡು ವೇಗವಾಗಿ ಬಿದ್ದಷ್ಟೂ ಬೇಗ ನಿಲ್ಲುತ್ತದೆ ಎಂಬ, ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಸಂಗತಿಯೂ ಇದರಿಂದ ಹೊರಬಂತು.

ಶಕ್ತಿ ಸಾಗುವ ದಾರಿ

ಇಷ್ಟಾದರೂ ಬಲಸೂತ್ರ ಹೇಳುವುದು ಸರಾಸರಿಯನ್ನು. ಕಣಗಳ ಮಟ್ಟದಲ್ಲಿ ಏನಾಗುತ್ತದೆ ಎಂಬುದಕ್ಕೆ ಬೇಕಾದ ಸಾಮಗ್ರಿ ಬೇರೊಂದು ಕಡೆ ಸಿದ್ಧವಾಗುತ್ತಿತ್ತು. ದುಂಡನೆಯ ಎರಡು ಕಣಗಳು ಒತ್ತಿದಷ್ಟೂ ಅವುಗಳ ಸಂಪರ್ಕ ಬಿಗಿಯಾಗುತ್ತದೆ ಎಂದು ಹೈನ್‌ರಿಖ್ ಹರ್ಟ್ಸ್ 1882ರಲ್ಲೇ ಲೆಕ್ಕ ಹಾಕಿದ್ದ. ಅದರಿಂದ ಮುಂದುವರಿದು, ಒತ್ತಡವಿಲ್ಲದೆ ಬರಿದೆ ತಾಗಿಕೊಂಡಿರುವ ಕಣಗಳ ಸಾಲಿನಲ್ಲಿ ಸಾಮಾನ್ಯ ಶಬ್ದ ಸಾಗುವುದೇ ಇಲ್ಲ, ಸಾಗುವುದು ಹೊಡೆತ ಜೋರಾದಷ್ಟೂ ವೇಗ ಹೆಚ್ಚುವ ಒಂಟಿ ಮಿಡಿತ ಎಂದು ಸೋವಿಯತ್ ವಿಜ್ಞಾನಿ ವಿಟಾಲಿ ನೆಸ್ಟೆರೆಂಕೊ 1983ರಲ್ಲಿ ತೋರಿಸಿದ. ಇನ್ನೊಂದೆಡೆ ಫ್ರಾನ್ಸಿನ ದಾಂತು 1957ರ ಹೊತ್ತಿಗೆ, ಒತ್ತಿದಾಗ ಧ್ರುವೀಕೃತ ಬೆಳಕಿನಲ್ಲಿ ಹೊಳೆಯುವ ಪಾರದರ್ಶಕ ಕಣಗಳನ್ನು ಬಳಸಿ, ರಾಶಿಯ ಭಾರ ಎಲ್ಲ ಕಣಗಳ ಮೇಲೂ ಸಮನಾಗಿ ಬೀಳದೆ ಕೆಲವೇ ಕಣಗಳ ಸರಪಳಿಗಳ ಮೂಲಕ ಇಳಿಯುವುದನ್ನು ಕಣ್ಣಿಗೆ ಕಾಣಿಸಿದ್ದ.

ಈ ಎರಡನ್ನೂ ಅಪ್ಪಳಿಕೆಗೆ ಜೋಡಿಸಿದ್ದು ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಬೆರಿಂಜರ್, ಏಬ್ರಮ್ ಕ್ಲಾರ್ಕ್ ಮತ್ತು ನ್ಯೂಜೆರ್ಸಿಯ ಲೂ ಕೊಂಡಿಕ್. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಎರಡು ಪಾರದರ್ಶಕ ಹಲಗೆಗಳ ಕಿರಿದಾದ ಸಂದಿಯಲ್ಲಿ ಕೆಲವು ಮಿಲಿಮೀಟರ್ ಅಗಲದ ಹೊಳೆಯುವ ಬಿಲ್ಲೆಗಳನ್ನು ತುಂಬಿ, ಮೇಲಿನಿಂದ ಕಂಚಿನ ಬಿಲ್ಲೆಯೊಂದನ್ನು ಬೀಳಿಸಿ, ಸೆಕೆಂಡಿಗೆ 40,000ದವರೆಗೆ ಚಿತ್ರ ತೆಗೆಯುವ ಕ್ಯಾಮೆರಾದಿಂದ ಸೆರೆಹಿಡಿದರು. ಕಂಚಿನ ಬಿಲ್ಲೆ ಮೊದಲ ಸಾಲಿಗೆ ತಾಗಿದೊಡನೆ ಎರಡು ಮೂರು ಕಣಗಳು ಫಳಕ್ಕನೆ ಬೆಳಗುತ್ತವೆ. ಆ ಬೆಳಕು ಸರಪಳಿಯ ಗುಂಟ ಕೆಳಕ್ಕೆ ಓಡಿ, ಕವಲೊಡೆದು, ಮಂಕಾಗಿ ಮುಗಿಯುತ್ತದೆ. ಬಿಲ್ಲೆ ಇನ್ನೊಂದಿಷ್ಟು ಇಳಿದ ಮೇಲೆ ಮತ್ತೊಂದು ಮಿಡಿತ, ಬೇರೊಂದು ದಾರಿಯಲ್ಲಿ. ನಿಧಾನಗೊಳ್ಳುವಿಕೆ ನಯವಾದ ಗೆರೆಯಂತಿರದೆ ಇಂಥ ಬಿಡಿಬಿಡಿ ಮಿಡಿತಗಳ ಮೊತ್ತವಾಗಿದೆ ಎಂದೂ, ಬಿಲ್ಲೆಯ ಶಕ್ತಿ ಈ ಮಿಡಿತಗಳಲ್ಲಿ ದೂರ ಒಯ್ಯಲ್ಪಟ್ಟು ಅಲ್ಲಿ ಕಣಗಳ ಉಜ್ಜಾಟದಲ್ಲಿ ನಶಿಸುತ್ತದೆ ಎಂದೂ ಇದರಿಂದ ಸ್ಪಷ್ಟವಾಯಿತು. ವೇಗದ ವರ್ಗದ ಅಂಶ ಈ ಏರಿಳಿತಗಳ ಸರಾಸರಿಯಾಗಿ ಮಾತ್ರ ನಿಲ್ಲುತ್ತದೆ.

ಅದೇ ಗುಂಪು 2015ರಲ್ಲಿ ಬೇರೆಬೇರೆ ಗಡಸುತನದ ಬಿಲ್ಲೆಗಳನ್ನು ಬಳಸಿ ಪಡೆದ ಫಲಿತಾಂಶವನ್ನು ಜನಪ್ರಿಯ ಬರಹಗಳು ಅತಿವೇಗದ ಅಪ್ಪಳಿಕೆಯ ಪ್ರಯೋಗ ಎಂದು ಬಣ್ಣಿಸಿದ್ದರಿಂದ ಒಂದು ತಪ್ಪುಗ್ರಹಿಕೆ ಹರಡಿದೆ. ಬಿಲ್ಲೆ ಬಿದ್ದ ವೇಗ ಸೆಕೆಂಡಿಗೆ ಕೆಲವು ಮೀಟರ್ ಮಾತ್ರ. ಇಲ್ಲಿ ಲೆಕ್ಕಕ್ಕೆ ಬರುವುದು ಅಪ್ಪಳಿಕೆಯ ವೇಗಕ್ಕೂ ಮಿಡಿತ ಕಣದಿಂದ ಕಣಕ್ಕೆ ದಾಟುವ ವೇಗಕ್ಕೂ ಇರುವ ಪ್ರಮಾಣ. ಕಣಗಳನ್ನು ಮೆತ್ತಗೆ ಮಾಡಿದರೆ ಮಿಡಿತ ನಿಧಾನವಾಗಿ, ಕಡಿಮೆ ವೇಗದಲ್ಲೇ ಗುಂಡಿನ ಹೊಡೆತದ ಸ್ಥಿತಿಯನ್ನು ಸಮೀಪಿಸಬಹುದು. ಈ ಪ್ರಮಾಣ ಚಿಕ್ಕದಾಗಿದ್ದಾಗ ಬಲ ವಿರಳವಾದ ಕೆಲವು ಸರಪಳಿಗಳಲ್ಲಿ ಓಡುತ್ತದೆ. ದೊಡ್ಡದಾದಂತೆ ಹೆಚ್ಚು ಹೆಚ್ಚು ಕಣಗಳು ಒಂದಕ್ಕೊಂದು ಒತ್ತಿಕೊಂಡು, ಸರಪಳಿಗಳ ಬದಲು ಒತ್ತಾದ ಬಲೆಯೊಂದು ಮುಂಚೂಣಿಯಾಗಿ ಸಾಗುತ್ತದೆ, ರಾಶಿ ಹೊಡೆತದ ಎದುರು ಇನ್ನಷ್ಟು ಬಿಗಿಯಾಗುತ್ತದೆ. ಆದರೆ ಆ ಬಿಲ್ಲೆಗಳು ಒಡೆಯುವಂಥವಲ್ಲ; 1957ರ ಪ್ರಯೋಗಗಳಲ್ಲಿ ಕಂಡ ಪುಡಿಯಾಗುವಿಕೆಯನ್ನು ಈ ಚಿತ್ರ ಒಳಗೊಳ್ಳುವುದಿಲ್ಲ ಎಂಬುದನ್ನು ಎರಡನ್ನೂ ಹೋಲಿಸುವಾಗ ನೆನಪಿಡಬೇಕು.

ಆಕಾಶಕಾಯಗಳ ಮೇಲಿನ ಪ್ರಯೋಗಗಳು

2005ರ ಜುಲೈ 4ರಂದು ಡೀಪ್ ಇಂಪ್ಯಾಕ್ಟ್ ನೌಕೆಯ ಸುಮಾರು 370 ಕೆಜಿಯ ಭಾಗ ಟೆಂಪೆಲ್ 1 ಧೂಮಕೇತುವಿಗೆ ಅಪ್ಪಳಿಸಿದಾಗ ಎದ್ದ ದೂಳು ಕುಳಿಯನ್ನೇ ಮರೆಮಾಡಿತು. ಅದರ ಗುರುತು ಸಿಕ್ಕಿದ್ದು 2011ರಲ್ಲಿ ಇನ್ನೊಂದು ನೌಕೆ ಅಲ್ಲಿಗೆ ಹೋದಾಗ. ಬೆಂಗಳೂರಿನ ಇಸ್ರೊ 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಬಿಟ್ಟ ಅಪ್ಪಳಿಕೆಯ ಶೋಧಕದ ಉದ್ದೇಶ ಬೇರೆಯಾಗಿದ್ದು, ಅದರ ಅಳತೆಗಳೆಲ್ಲ ಇಳಿಯುವ ದಾರಿಯವು.

ಜಪಾನಿನ ಹಯಬುಸಾ2 ನೌಕೆ 2019ರ ಏಪ್ರಿಲ್ 5ರಂದು ರ್‍ಯೂಗು ಕ್ಷುದ್ರಗ್ರಹದ ಮೇಲೆ 2 ಕೆಜಿಯ ತಾಮ್ರದ ಗುಂಡನ್ನು ಸೆಕೆಂಡಿಗೆ 2 ಕಿಮೀ ವೇಗದಲ್ಲಿ ಹಾರಿಸಿದಾಗ ಆದ ಕುಳಿಯ ವ್ಯಾಸ 14 ಮೀಟರಿಗೂ ಹೆಚ್ಚು. ಇಷ್ಟು ದೊಡ್ಡ ಕುಳಿ, ಅಲ್ಲಿನ ಮೇಲ್ಮೈಗೆ ತನ್ನದೇ ಆದ ಅಂಟು ಬಹುತೇಕ ಇಲ್ಲ, ಕುಳಿಯ ಬೆಳವಣಿಗೆಯನ್ನು ತಡೆದದ್ದು ಅತಿ ದುರ್ಬಲವಾದ ಗುರುತ್ವವೊಂದೇ ಎಂಬ ತೀರ್ಮಾನಕ್ಕೆ ದಾರಿಮಾಡಿತು. 2020ರ ಅಕ್ಟೋಬರ್ 20ರಂದು ಬೆನ್ನುವಿನ ಮೇಲೆ ಮಾದರಿ ತೆಗೆಯಲು ಸೆಕೆಂಡಿಗೆ 10 ಸೆಂಟಿಮೀಟರಿನಷ್ಟು ನಿಧಾನವಾಗಿ ಇಳಿದ ಒಸೈರಿಸ್-ರೆಕ್ಸ್ ನೌಕೆಯ ತೋಳು ಪ್ರತಿರೋಧವನ್ನೇ ಕಾಣದೆ ಸುಮಾರು ಅರ್ಧ ಮೀಟರ್ ಒಳಗಿಳಿಯಿತು. ಇವೆರಡೂ ಒಂದೇ ಬಗೆಯ ಸಾಕ್ಷ್ಯವಲ್ಲ. ಬೆನ್ನುವಿನಲ್ಲಿ ಬಯಲಾದದ್ದು 2007ರ ಸೂತ್ರದ ಘರ್ಷಣೆಯ ಅಂಶ ಗುರುತ್ವ ಅತಿ ದುರ್ಬಲವಾದಾಗ ಹೇಗೆ ಬತ್ತಿಹೋಗುತ್ತದೆ ಎಂಬುದು; ರ್‍ಯೂಗುವಿನಲ್ಲಿ ಬಯಲಾದದ್ದು ಚಿಮ್ಮಿಸುವ ಕೆಲಸಕ್ಕೆ ಉಳಿದ ಶಕ್ತಿ ಎಷ್ಟು ದೂರ ಹೋಗಬಲ್ಲದು ಎಂಬುದು.

2022ರ ಸೆಪ್ಟೆಂಬರ್ 26ರಂದು ಸುಮಾರು 580 ಕೆಜಿಯ ಡಾರ್ಟ್ ನೌಕೆ ಸೆಕೆಂಡಿಗೆ 6.1 ಕಿಮೀ ವೇಗದಲ್ಲಿ ಡೈಮಾರ್ಫಸ್‌ಗೆ ಬಡಿದು, ಅದು ಡಿಡಿಮಸ್ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು 33 ನಿಮಿಷ ಕಡಿಮೆ ಮಾಡಿತು. ಹಿಂದಕ್ಕೆ ಚಿಮ್ಮಿದ ದ್ರವ್ಯದ ತಳ್ಳಾಟವೂ ಸೇರಿ, ನೌಕೆ ತಂದದ್ದರ ಸುಮಾರು 3.6 ಪಟ್ಟು ಸಂವೇಗ ಡೈಮಾರ್ಫಸ್‌ಗೆ ದೊರೆಯಿತು ಎಂಬುದು ಎರಡೂ ಕಾಯಗಳ ಸಾಂದ್ರತೆ ಸಮನೆಂದು ಹಿಡಿದು ಮಾಡಿದ ಲೆಕ್ಕ. ಸಾಂದ್ರತೆಯ ಊಹೆ ಬದಲಾದರೆ ಈ ಸಂಖ್ಯೆ 2.2ರಿಂದ 4.9ರವರೆಗೆ ಹೋಗುತ್ತದೆ. ಅಪ್ಪಳಿಕೆ ಅಲ್ಲಿ ಸ್ಪಷ್ಟವಾದ ಒಂದು ಕುಳಿಯನ್ನು ಬಿಟ್ಟಿದೆಯೋ ಇಡೀ ಕಾಯದ ಆಕಾರವನ್ನೇ ಬದಲಿಸಿದೆಯೋ ಎಂಬುದನ್ನು ನೋಡಲು, ಡೈಮಾರ್ಫಸ್‌ನ ದ್ರವ್ಯರಾಶಿಯನ್ನು ಅಳೆಯಲು, ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರ ಅಕ್ಟೋಬರ್ 7ರಂದು ಹೇರಾ ನೌಕೆಯನ್ನು ಉಡಾಯಿಸಿತು.